ಬಚ್ಚಲಲ್ಲಿ ಬಿದ್ದವಳು

೨೨ ಏಪ್ರಿಲ್ ೨೦೨೪, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬೆಳಗಾವಿ ದವಾಖಾನೆಯ ಫಿಜಿಯೋ ಮೇಡಂ ದಿನಕ್ಕೊಂದು ಪುಟ ಬರೆಯಲೇಬೇಕು ಎಂದಿದ್ದಾರೆ. ಏನು ಬರೆಯಲಿ ಎಂದರೆ ಮನಸ್ಸಿಗೆ ಬಂದದ್ದು ಬರೆಯಿರಿ ಎಂದರು. ನನ್ನ ಮನಸ್ಸಿಗೆ ಬರುವುದನ್ನು ಬರೆದರೆ ಈ ನೋಟ್‌ಬುಕ್ಕನ್ನು ಮನೆಯಲ್ಲಿ ಇಡುವ ಹಾಗಿಲ್ಲ. ಇಷ್ಟಕ್ಕೇ ಅರ್ಧ ತಾಸು ಹಿಡಿಯಿತು. ಅಕ್ಷರಗಳು ಕುಡಿದು ನಡೆದ ಹಾಗಿವೆ. ಸಾಕು.

೨೫ ಏಪ್ರಿಲ್, ಗುರುವಾರ

ಮೊದಲು ಹೆಸರು, ಊರು, ಏನಾಯಿತು ಎಂದು ಬರೆಯಬೇಕಂತೆ. ಪ್ರಮಿಳಾ. ವಯಸ್ಸು ಮೂವತ್ತನಾಲ್ಕು. ಖಾನಾಪುರ. ಮಚ್ಛೆಯ ಕಾರ್ಖಾನೆಯಲ್ಲಿ ಮೋಟಾರಿನ ಕಾಯಿಲ್ ಸುತ್ತುವ ಕೆಲಸ, ಒಂಬತ್ತು ವರ್ಷ.

ಜನವರಿ ಒಂಬತ್ತರ ಸಂಜೆ ಬಸ್ಸಿಳಿದು ಮನೆಗೆ ನಡೆದು ಬರುತ್ತಿದ್ದೆ. ಹಾರ್ನ್ ಕೇಳಿಸಿತು, ಆಮೇಲೆ ಆಕಾಶ ಕಂಡಿತು. ಇಟ್ಟಿಗೆ ಹೇರಿದ ಟೆಂಪೋ ಹಿಂದಿನಿಂದ ಹೊಡೆದಿತ್ತು. ಬಲಗೈ ಎರಡು ಕಡೆ ಮುರಿದು ನರ ಹರಿಯಿತು. ಈಗ ಒಳಗೆ ರಾಡು ಇದೆ, ಬೆರಳು ಮಡಚುವುದಿಲ್ಲ. ಕೂದಲೆಳೆಯಂಥ ತಂತಿ ಸುತ್ತುತ್ತಿದ್ದ ಕೈಗೆ ಈಗ ಸೀರೆಯ ನೆರಿಗೆ ಹಿಡಿಯಲು ಬರುವುದಿಲ್ಲ.

೬ ಮೇ, ಸೋಮವಾರ

ಟೆಂಪೋ ಪ್ರಸಾದನದು, ಓಡಿಸುತ್ತಿದ್ದವನೂ ಅವನೇ. ಅತ್ತೆ ಕಾಡವ್ವನ ತವರಿನ ಕಡೆಯ ಸಂಬಂಧ. ಆ ದಿನ ನನ್ನ ಮಾವ ಬೀರಣ್ಣ ಕುರಿ ಹೊಡೆದುಕೊಂಡು ಅದೇ ರಸ್ತೆಯಲ್ಲಿ ಬರುತ್ತಿದ್ದ. ಎದುರಿಗೆ ಮಾವನವರೇ ಎನ್ನುತ್ತೇನೆ, ಇಲ್ಲಿ ಮುದುಕ ಎನ್ನುತ್ತೇನೆ. ಎಡಗೈಗೆ ಅದು ಸಲೀಸು.

ಪ್ರಸಾದ ಅಲ್ಲೇ ರಸ್ತೆಯ ಮೇಲೆ ಮುದುಕನ ಅಂಗೈಗೆ ನಮ್ಮ ಮನೆದೇವರು ಬೀರಪ್ಪನ ಭಂಡಾರ ಹಾಕಿ, ದವಾಖಾನೆಯ ಖರ್ಚೆಲ್ಲ ನನ್ನದು, ಪೊಲೀಸರ ಹತ್ತಿರ ಮಾತ್ರ ಹೋಗಬೇಡಿ ಎಂದನಂತೆ. ಇಟ್ಟಿಗೆಯ ಸುಗ್ಗಿಯಲ್ಲಿ ಟೆಂಪೋ ಠಾಣೆ ಸೇರಿದರೆ ಅವನ ವರ್ಷದ ಗಳಿಕೆ ಹೋಗುತ್ತದಲ್ಲ. ಮುದುಕ ಹೂಂ ಅಂದ. ದೇವರ ಅರಿಶಿನ ಕೈಯಲ್ಲಿ ಹಿಡಿದು ಮಾತು ಕೊಟ್ಟರೆ ನಮ್ಮಲ್ಲಿ ಮುಗಿಯಿತು, ಸ್ಟಾಂಪ್ ಪೇಪರ್ ಯಾರೂ ಕೇಳುವುದಿಲ್ಲ.

ಪ್ರಸಾದ ಮೊದಲ ಬಿಲ್ಲು ಕಟ್ಟಿದ. ಎರಡನೆಯದಕ್ಕೆ ಬರುತ್ತೇನೆ ಎಂದ. ಮೂರನೆಯದಕ್ಕೆ ಫೋನ್ ಎತ್ತುತ್ತಿಲ್ಲ. ಇವತ್ತು ನನ್ನ ಗಂಡ ಬೀರೇಶ ಅವನ ಮನೆಗೆ ಹೋಗಿದ್ದ. ಪ್ರಸಾದ ಊರಲ್ಲಿಲ್ಲ ಎಂದರಂತೆ. ಅವನ ಚಪ್ಪಲಿ ಮಾತ್ರ ಬಾಗಿಲಲ್ಲಿ ಇದ್ದವಂತೆ.

೧೪ ಮೇ, ಮಂಗಳವಾರ

ಬೀರೇಶ ದವಾಖಾನೆಯಿಂದ ನನ್ನ ಕಾಗದಗಳ ಪ್ರತಿ ತಂದ. ಮೊದಲ ದಿನದ ಹಾಳೆಯಲ್ಲಿ ಪೆಟ್ಟು ಹೇಗಾಯಿತು ಎಂಬ ಕಡೆ ಇಂಗ್ಲಿಷಿನಲ್ಲಿ ಒಂದು ಸಾಲು. ಬೀರೇಶ ಓದಿ ಸುಮ್ಮನೆ ಮಡಚಿದ. ನಾನು ಕಸಿದು ಓದಿದೆ. ಬಚ್ಚಲಲ್ಲಿ ಕಾಲು ಜಾರಿ ಬಿದ್ದದ್ದು. ಹೇಳಿದವರು ಮಾವ ಬೀರಣ್ಣ.

ಬಚ್ಚಲು!

ನಾನು ನೋವಿಗೆ ಪ್ರಜ್ಞೆ ತಪ್ಪಿ ಮಲಗಿದ್ದಾಗ ಮುದುಕ ಡಾಕ್ಟರ ಮುಂದೆ ನಿಂತು ಹೀಗೆ ಬರೆಸಿದ್ದಾನೆ. ಸಂಜೆ ಕುರಿ ಕಟ್ಟುತ್ತಿದ್ದಾಗ ಹೋಗಿ ಕೇಳಿದೆ. 'ಯಾಕ ಹಂಗ ಹೇಳಿದ್ರಿ?'

'ಮಾತ ಕೊಟ್ಟಿದ್ದೆ' ಎಂದ. ಕುರಿಯ ಕಡೆ ತಿರುಗಿದ. ನನ್ನ ಕೈಗಿಂತ ಆ ಮಾತು ಹೆಚ್ಚಾಯಿತೇ ಎಂದು ಕೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ. ನನಗೆ ಇಂಥ ಕಡೆ ಬಾಯಿ ಬರುವುದೇ ಇಲ್ಲ.

೨೦ ಮೇ, ಸೋಮವಾರ

ಬೆಳಗಾವಿಯಲ್ಲಿ ವಕೀಲರಾದ ಗಂಗಾದೇವಿಯವರನ್ನು ಕಂಡೆವು. ಐವತ್ತು ದಾಟಿದ ಹೆಂಗಸು. ಹಣೆಯ ಮೇಲೆ ವಿಭೂತಿ, ಫೈಲುಗಳ ನಡುವೆ ಚುರುಮುರಿಯ ತಟ್ಟೆ. ತಿನ್ನುತ್ತಲೇ ಎಲ್ಲ ಕೇಳಿದರು. ಮಾತೆಲ್ಲ ಬೀರೇಶನದು. ಕೋರ್ಟಿನ ವಿಷಯ ನನಗೇನು ತಿಳಿದೀತು ಎಂದು ಸೆರಗು ಹಿಡಿದು ಕುಳಿತಿದ್ದೆ.

'ಟೆಂಪೋಕ್ಕ ವಿಮಾ ಐತೇನು?'

'ಐತ್ರಿ.'

'ಹಂಗಿದ್ರ ರೊಕ್ಕಾ ಕೊಡೂದು ವಿಮಾ ಕಂಪನಿ. ಪ್ರಸಾದ ಮನಿ ಮಾರಬೇಕಾಗಿದ್ದಿಲ್ಲ, ನಿಮ್ಮಪ್ಪಾರು ಸುಳ್ಳ ಹೇಳಬೇಕಾಗಿದ್ದಿಲ್ಲ. ವರ್ಷಾ ವರ್ಷಾ ವಿಮಾ ತುಂಬ್ತಾರ, ಯಾತಕ್ಕ ತುಂಬ್ತೀವಿ ಅನ್ನೂದು ಮಾತ್ರ ಒಬ್ಬಾಂವಗೂ ಗೊತ್ತಿಲ್ಲ ನೋಡ್ರಿ.'

ಅಪಘಾತವಾಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕಂತೆ. ಜುಲೈ ಒಂಬತ್ತು ದಾಟಿದರೆ ಬಾಗಿಲು ಮುಚ್ಚಿದಂತೆಯೇ. ಅದಕ್ಕೂ ಮೊದಲು ಪೊಲೀಸ್ ದೂರು ಆಗಬೇಕು. ಬೀರೇಶ ಬಚ್ಚಲಿನ ಸಾಲು ತೋರಿಸಿದ. ಅವರು ತಟ್ಟೆ ಪಕ್ಕಕ್ಕೆ ಸರಿಸಿದರು.

'ಇದು ನಮ್ಮ ಕೊಳ್ಳಾಗಿನ ಕಲ್ಲು. ಕಂಪನಿಯವರು ಇದನ್ನ ಹಿಡಕೊಂಡ ಕುಂದರ್ತಾರ. ಇದು ಸುಳ್ಳು ಅಂತ ಸಾಬೀತು ಆಗಲಿಲ್ಲ ಅಂದ್ರ ಒಂದು ಪೈಸಾನೂ ಇಲ್ಲ.' ಆಮೇಲೆ ನನ್ನ ಕಡೆ ತಿರುಗಿದರು. 'ನೀವ್ಯಾಕ ಸುಮ್ಮ ಕುಂತೀರಿ? ಕೈ ನಿಮ್ಮದಲ್ಲೇನು?'

ನಾಚಿಕೆಯಾಯಿತು. ಬಸ್ಸಿನಲ್ಲಿ ಬರುವಾಗ ಒಳ್ಳೊಳ್ಳೆಯ ಉತ್ತರಗಳು ಹೊಳೆದವು.

೨೮ ಮೇ, ಮಂಗಳವಾರ

ಖಾನಾಪುರ ಠಾಣೆ. ಸಾಹೇಬರು ಕಾಗದ ತಿರುವಿ ನೋಡಿ, 'ನಾಕೂವರಿ ತಿಂಗಳಿಂದ ಏನ ಮಾಡಾಕತ್ತಿದ್ರಿ?' ಎಂದರು. ಬೀರೇಶ ನೆಲ ನೋಡಿದ. ಯಾರಾದರೂ ಹೇಳಲೇಬೇಕಿತ್ತಲ್ಲ, ನಾನೇ ಹೇಳಿದೆ.

'ಮೂರು ತಿಂಗಳು ಹಾಸಿಗಿ ಮ್ಯಾಲೆ ಇದ್ದೆ ಸಾಹೇಬ್ರ. ಉಳದದ್ದು ನಮ್ಮ ಮನಿಯವ್ರು ದೇವರ ಮ್ಯಾಲೆ ಭಾರ ಹಾಕಿ ಕುಂತಿದ್ರು. ಈಗ ನಿಮ್ಮ ಮ್ಯಾಲೆ ಹಾಕಾಕ ಬಂದೀನಿ.'

ಅವರು ನಕ್ಕು ದೂರು ಬರೆದುಕೊಂಡರು. ಎಡಗೈಯಲ್ಲಿ ಸಹಿ ಮಾಡಿದೆ. ಹೆಬ್ಬೆಟ್ಟು ಒತ್ತಿದರೂ ನಡೀತೈತಿ ಎಂದರು. ಒತ್ತಲಿಲ್ಲ.

೧ ಜುಲೈ, ಸೋಮವಾರ

ಅರ್ಜಿ ದಾಖಲಾಯಿತು. ಎಂಟು ದಿನ ಉಳಿದಿದ್ದವು. ಮನೆಯಲ್ಲಿ ಮುದುಕ ನನ್ನೊಡನೆ ಮಾತು ಬಿಟ್ಟಿದ್ದಾನೆ. ನಾನೂ ಬಿಟ್ಟಿದ್ದೇನೆ. ರೊಟ್ಟಿ ಬೇಕಾದರೆ ಅತ್ತೆಗೆ ಹೇಳುತ್ತಾನೆ, ಅತ್ತೆ ನನಗೆ ಹೇಳುತ್ತಾಳೆ, ಮೂವರೂ ಒಂದೇ ಒಲೆಯ ಮುಂದೆ ಕುಳಿತಿರುತ್ತೇವೆ.

ಅತ್ತೆಗೆ ಕೋರ್ಟು ಎಂದರೆ ಭಯ. 'ಗೆದ್ದಾಂವ ಸೋತ, ಸೋತಾಂವ ಸತ್ತ ಅಂತಾರವಾ' ಎಂದು ದಿನಕ್ಕೆರಡು ಸಲ ಹೇಳುತ್ತಾಳೆ.

೧೭ ಅಕ್ಟೋಬರ್, ಗುರುವಾರ

ಇಬ್ಬರ ಉತ್ತರವೂ ಬಂತು. ಪ್ರಸಾದನ ಪ್ರಕಾರ ಆ ದಿನ ಟೆಂಪೋ ಆ ರಸ್ತೆಗೆ ಬಂದೇ ಇಲ್ಲ. ವಿಮಾ ಕಂಪನಿಯ ಪ್ರಕಾರ ನಾನು ಬಚ್ಚಲಲ್ಲಿ ಬಿದ್ದು, ನಾಲ್ಕು ತಿಂಗಳು ಯೋಚನೆ ಮಾಡಿ, ಸಂಬಂಧಿಕನ ಟೆಂಪೋ ಹುಡುಕಿ ಸುಳ್ಳು ಕೇಸು ಕಟ್ಟಿದ್ದೇನೆ. ಕಾಗದದಲ್ಲಿ ಓದಿದರೆ ನನಗೇ ನನ್ನ ಮೇಲೆ ಅನುಮಾನ ಬರಬೇಕು, ಅಷ್ಟು ಚೆನ್ನಾಗಿ ಬರೆದಿದ್ದಾರೆ.

ಎರಡನ್ನೂ ಅಡುಗೆಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಕನ್ನಡ ಮಾಡಿ ಓದಿದೆ. ಟೆಂಪೋ ಬಂದೇ ಇಲ್ಲ ಎಂಬಲ್ಲಿ ಮುದುಕನ ಕೈ ರೊಟ್ಟಿಯ ಮೇಲೆ ನಿಂತಿತು. ತಿನ್ನದೆ ಎದ್ದ.

೩ ಡಿಸೆಂಬರ್, ಮಂಗಳವಾರ

ಬೀರೇಶನಿಗೆ ರಜೆ ಇರಲಿಲ್ಲ. ಹಾಗಾಗಿ ಮಚ್ಛೆಗೆ ಒಬ್ಬಳೇ ಹೋದೆ. ನಾನು ಕಾಯಿಲ್ ಸುತ್ತುತ್ತಿದ್ದೆ ಎಂಬುದಕ್ಕೆ ಕಾರ್ಖಾನೆಯ ಪತ್ರ ಬೇಕು. ಇಲ್ಲವಾದರೆ ಮನೆಯಲ್ಲಿ ಕುಳಿತ ಹೆಂಗಸು ಎಂದು ಲೆಕ್ಕ ಹಿಡಿಯುತ್ತಾರಂತೆ. ಮನೆಯಲ್ಲಿ ಯಾವ ಹೆಂಗಸು ಕುಳಿತಿರುತ್ತಾಳೋ ನಾನಂತೂ ನೋಡಿಲ್ಲ.

ಮಾಲೀಕರಾದ ಶಶಿಧರ ಅವರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಚಹಾ ತರಿಸಿದರು, ಕೈಯನ್ನು ನೋಡಿ ಮರುಗಿದರು. ಪತ್ರ ಎಂದ ಕೂಡಲೇ ಹಿಂದೆ ಸರಿದರು.

'ಪಗಾರ ಕೈಯಾಗ ಕೊಡತಿದ್ದೆ. ರೆಕಾರ್ಡಿನ್ಯಾಗ ನಿನ್ನ ಹೆಸರ ಇಲ್ಲ ಪ್ರಮಿಳಾ. ನಾಳೆ ಅದು ನನ್ನ ಕೊಳ್ಳಿಗಿ ಬಂದ್ರ?'

'ಒಂಬತ್ತ ವರ್ಷ ಸುತ್ತಿದ ಕಾಯಿಲ್ ಯಾರ್ಯಾರ ಬಾವಿ ಮೋಟಾರದಾಗೋ ತಿರಗಾಕತ್ತಾವ್ರಿ. ಅವನ್ನ ಯಾರ ಸುತ್ತಿದ್ರು ಅಂತ ಹೇಳ್ರಿ, ನಾ ಎದ್ದ ಹೋಗ್ತೀನಿ.'

ಯೋಚನೆ ಮಾಡಿ ಹೇಳುತ್ತೇನೆ ಎಂದರು. ಮಾಡ್ರಿ, ಇಲ್ಲೇ ಕುಂತಿರ್ತೀನಿ ಎಂದೆ. ಕೆಲಸದ ಕೋಣೆಗೆ ಹೋಗಿ ನನ್ನ ಹಳೆಯ ಸ್ಟೂಲಿನ ಪಕ್ಕ ಕುಳಿತೆ. ಹೊಸ ಹುಡುಗಿಯೊಬ್ಬಳು ಸುತ್ತುತ್ತಿದ್ದಳು. ನೋಡುತ್ತ ನೋಡುತ್ತ ನನಗೆ ತಡೆಯಲಾಗಲಿಲ್ಲ. ತಂತಿ ಸಡಿಲಾಗಿದೆ, ಹಿಂದಿನ ಎರಡು ಸುತ್ತು ಬಿಚ್ಚು ಎಂದೆ. ಬಿಚ್ಚಿದಳು. ಸರಿಯಾಯಿತು. ಮೂರು ಗಂಟೆ ಹೀಗೇ ಹೋಯಿತು. ತಲೆಯೆತ್ತಿದರೆ ಶಶಿಧರ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಪತ್ರ ಇತ್ತು, ಸಹಿ, ಮೊಹರು ಎಲ್ಲ ಬಿದ್ದಿತ್ತು. ಕೋರ್ಟಿಗೂ ಬರುತ್ತೇನೆ ಎಂದರು.

ಬಸ್ ಸಿಗಲಿಲ್ಲ, ತಡವಾಯಿತು. ಕಾಲು ನೋಯುತ್ತಿದೆ.

೧೮ ಫೆಬ್ರುವರಿ ೨೦೨೫, ಮಂಗಳವಾರ

ಇವತ್ತು ಕಟಕಟೆಯಲ್ಲಿ ನಿಂತೆ! ವಿಮಾ ಕಂಪನಿಯ ವಕೀಲರು ಚಿಕ್ಕ ವಯಸ್ಸಿನವರು, ಬೂಟು ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಬೂಟನ್ನೇ ನೋಡುತ್ತ ಧೈರ್ಯ ತಂದುಕೊಂಡೆ.

'ನೀವು ಬಚ್ಚಲದಾಗ ಜಾರಿ ಬಿದ್ರಿ, ಹೌದಲ್ಲೋ?'

'ಇಲ್ರಿ.'

'ಹಂಗಾರ ದವಾಖಾನಿ ದಾಖಲೆ ಸುಳ್ಳೇನು?'

'ಡಾಕ್ಟರ್ ಖರೇನ ಬರದಾರ್ರಿ. ಅವ್ರಿಗೆ ಹೇಳಿದ್ದು ಸುಳ್ಳು.'

'ಬಚ್ಚಲಂದ್ರ ಒದ್ದಿ ಇರ್ತೈತಿ. ಯಾರರ ಜಾರ್ತಾರ. ಅದರಾಗ ಮುಚ್ಚಿಡೂದು ಏನೈತಿ?'

ಅಲ್ಲಿಗೆ ನನ್ನ ಹೆದರಿಕೆ ಹೋಯಿತು. ಸಿಟ್ಟು ಬಂತು. 'ಸಾಹೇಬ್ರ, ನೀವು ದೊಡ್ಡ ಬಚ್ಚಲಾ ನೋಡಿದಾವ್ರು. ನಮ್ಮ ಬಚ್ಚಲದಾಗ ಬೀಳಾಕ ಜಾಗಾ ಇಲ್ರಿ. ಎರಡೂ ಬಾಜು ಗ್ವಾಡಿ. ಜಾರಿದ್ರ ಗ್ವಾಡಿನ ಹಿಡೀತೈತಿ. ಬೀಳಬೇಕಂದ್ರ ಹೊರಗ ಬಂದ ಬೀಳಬೇಕು. ಬೇಕಾದ್ರ ಬಂದು ಅಳೀರಿ, ಜಳಕಾನೂ ಮಾಡಿ ಹೋಗ್ರಿ.'

ಹಿಂದಿನ ಬೆಂಚಿನವರು ನಕ್ಕರು. ನ್ಯಾಯಾಧೀಶರೂ ತಲೆ ತಗ್ಗಿಸಿ ನಕ್ಕರು, ನಾನು ನೋಡಿದೆ. ಬೂಟಿನ ವಕೀಲರು ಮುಂದಿನ ಪ್ರಶ್ನೆ ಹುಡುಕಲು ಹಾಳೆ ತಿರುವತೊಡಗಿದರು.

ಹೊರಗೆ ಬಂದಾಗ ಆನೆ ಕಟ್ಟಿ ತಂದವಳ ಹಾಗೆ ನಡೆಯುತ್ತಿದ್ದೆ. ಗಂಗಾದೇವಿಯವರು ಬೆನ್ನು ತಟ್ಟಿದರು, ಕೂಡಲೇ ನೆಲಕ್ಕೂ ಇಳಿಸಿದರು. 'ಚಲೋ ಹೇಳಿದ್ರಿ. ಆದ್ರ ನಕ್ಕಿದ್ದು ಸಾಕ್ಷಿ ಆಗೂದಿಲ್ಲವಾ. ಟೆಂಪೋ ಹೊಡದದ್ದು ಕಂಡಾಂವ ಒಬ್ಬನ, ಆ ಸಾಲು ಬರಿಸಿದಾಂವನೂ ಒಬ್ಬನ. ನಿಮ್ಮ ಮಾವ ಬರ್ಲಿಲ್ಲಂದ್ರ ಕೇಸು ಇಲ್ಲಿಗೇ ಮುಗೀತು.'

೨ ಮಾರ್ಚ್, ಭಾನುವಾರ

ಎಂಟು ತಿಂಗಳ ಮೌನ ಇವತ್ತು ಒಡೆಯಿತು. ಊಟದ ಹೊತ್ತಿಗೆ ಎಲ್ಲರೂ ಇದ್ದಾಗ ಮುದುಕನ ಎದುರಿಗೇ ಕುಳಿತೆ. ಕೋರ್ಟಿಗೆ ಬರಬೇಕು ಎಂದೆ.

'ಭಂಡಾರ ಮುಟ್ಟಿ ಕೊಟ್ಟ ಮಾತು. ನನ್ನ ಬಾಯಿಂದ ಬರೂದಿಲ್ಲ' ಎಂದ.

'ಕೊಟ್ಟಾಂವ ಅದನ್ನ ತಿಂದು ಕುಂತಾನ. ನೀವೊಬ್ಬರು ಕಾಯಾಕತ್ತೀರಿ!'

'ಅಂವ ಬಿಟ್ರ ನಾನೂ ಬಿಡಬೇಕೇನು? ದೇವರ ಇಬ್ಬರ ಕಡೆನೂ ನೋಡ್ತಾನ.'

'ನೋಡ್ಲಿ! ಈ ಕೈನೂ ನೋಡ್ಲಿ!' ಎಂದು ಬಲಗೈಯನ್ನು ಅವನ ತಟ್ಟೆಯ ಮುಂದೆ ಇಟ್ಟೆ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಬೀರೇಶ, 'ಪ್ರಮೀ, ಸಾಕು' ಎಂದ. ನನಗೆ ಸಾಕಾಗಿರಲಿಲ್ಲ. 'ಮಾತು ಕೊಟ್ಟದ್ದಷ್ಟ ಆದ್ರ ಸುಮ್ಮ ಇರಬಹುದಿತ್ತು. ಬಚ್ಚಲಾ ಅಂತ ಯಾಕ ಬರಿಸಿದ್ರಿ? ಅಷ್ಟ ಹಗುರಾದೆನೇನ್ರಿ ನಾನು?'

ಮಾವ ನನ್ನ ಕೈಯನ್ನೇ ನೋಡಿದರು. ಆಮೇಲೆ ಹೇಳಿದರು.

ಆ ಸಂಜೆ ಅವರ ಕುರಿಗಳು ರಸ್ತೆ ದಾಟುತ್ತಿದ್ದವಂತೆ. ಟೆಂಪೋ ಜೋರಾಗಿ ಬಂತು, ಕುರಿ ತಪ್ಪಿಸಲು ಹೊರಳಿತು, ಹೊರಳಿದ ಕಡೆ ನಾನಿದ್ದೆ. ಪ್ರಸಾದ ಇಳಿದು ಬಂದವನೇ ಹೇಳಿದನಂತೆ: 'ನಿನ್ನ ಕುರಿ ಅಡ್ಡ ಬಂದವು ಮಾವಾ. ಪೊಲೀಸರು ಬಂದ್ರ ತಪ್ಪು ನಿಂದ. ನಿನ್ನ ಹಿಂಡಲಗಾ ಜೇಲಿಗೆ ಒಯ್ತಾರ. ಸೊಸಿ ಕೈ ಮುರದಾಂವ ನೀನ ಅಂತ ಊರೆಲ್ಲಾ ಅಂತೈತಿ. ನನ್ನ ಮಾತ ಕೇಳು.' ಆಮೇಲೆ ಭಂಡಾರ ತೆಗೆದನಂತೆ.

'ನನ್ನ ಕುರಿನ ನಿನ್ನ ಕೈ ತಿಂದವು ಅಂತ ಒಂದ ವರ್ಷದಿಂದ ಅನಕೊಂಡ ಕುಂತೀನಿ' ಎಂದರು. 'ಡಾಕ್ಟರ್ ಕೇಳಿದ್ರು. ರಸ್ತೆ ಅಂದ್ರ ಕುರಿ ಬರ್ತಾವ. ಬಚ್ಚಲಾ ಅಂದೆ.'

ಎಪ್ಪತ್ತು ವರ್ಷದ ಮನುಷ್ಯ. ಮೂಗು ಒರೆಸಿಕೊಳ್ಳಲು ರುಮಾಲು ಹುಡುಕುತ್ತಿದ್ದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಲ್ಲೇ ಗಂಗಾದೇವಿಯವರಿಗೆ ಫೋನ್ ಹಚ್ಚಿ ಎಲ್ಲ ಹೇಳಿ ಸ್ಪೀಕರ್ ಮೇಲೆ ಇಟ್ಟೆ. ಕುರಿ ದಾಟಿದರೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ, ಮುಂದೆ ಕುರಿ ಕಂಡರೆ ಗಾಡಿ ನಿಧಾನ ಮಾಡುವುದು ಓಡಿಸುವವನ ಕೆಲಸ ಎಂದರು. ಮಾವ ಎರಡು ಸಲ ಕೇಳಿಸಿಕೊಂಡರು.

'ಅದೆಲ್ಲಾ ಖರೇ. ಆದ್ರ ಭಂಡಾರ?' ಎಂದರು.

ಅದಕ್ಕೆ ಗಂಗಾದೇವಿಯವರ ಬಳಿಯೂ ಕಾಯ್ದೆ ಇರಲಿಲ್ಲ.

೫ ಮಾರ್ಚ್, ಬುಧವಾರ

ಮಾವ ಬೆಳಿಗ್ಗೆ ಬೀರಪ್ಪನ ಗುಡಿಗೆ ಹೋದವರು ಸಂಜೆ ಬಂದರು. ದಿನವಿಡೀ ಕಂಬಕ್ಕೆ ಒರಗಿ ಕುಳಿತಿದ್ದರಂತೆ. ಕಾಲು ತೊಳೆದು ಒಳಗೆ ಬಂದು ನೇರ ನನಗೇ ಹೇಳಿದರು: 'ತಗೊಂಡದ್ದನ್ನ ಕೊಟ್ಟಾಂವನ ಕೈಯಾಗ ತಿರುಗಿ ಹಾಕಬೇಕು. ನಾಕು ಮಂದಿ ಮುಂದ. ಆಮ್ಯಾಲೆ ನಾ ಮಾತಾಡಾಕ ಅಡ್ಡಿ ಇಲ್ಲ. ಅಂವ ಕೋರ್ಟಿಗೆ ಬರ್ತಾನೇನು?'

ಬರುತ್ತಾನೆ ಎಂದೆ. ರೊಟ್ಟಿ ಹಾಕು ಎಂದರು. ನನಗೇ ಹೇಳಿದರು, ಅತ್ತೆಗಲ್ಲ.

೨೫ ಏಪ್ರಿಲ್, ಶುಕ್ರವಾರ

ಎಲ್ಲವನ್ನೂ ಬರೆಯಬೇಕು, ಒಂದು ಮಾತೂ ಬಿಡಬಾರದು.

ಮಾವ ಬಿಳಿ ಧೋತರ, ಹೆಗಲ ಮೇಲೆ ಕಂಬಳಿ, ತಲೆಗೆ ಹಳದಿ ರುಮಾಲು ಸುತ್ತಿ ಬಂದಿದ್ದರು. ಏಪ್ರಿಲ್ ಬಿಸಿಲಿಗೆ ಕಂಬಳಿ ಯಾಕೆ ಎಂದರೆ, ಕಂಬಳಿ ಇಲ್ಲದೆ ದೊಡ್ಡವರ ಮುಂದೆ ನಿಲ್ಲುವುದಿಲ್ಲ ಎಂದರು. ಕೋರ್ಟಿನ ಹೊರಗಿನ ಉದ್ದ ಪಡಸಾಲೆಯಲ್ಲಿ ಪ್ರಸಾದ ತನ್ನ ವಕೀಲರ ಜೊತೆ ನಿಂತಿದ್ದ. ಮಾವ ನೇರ ಅವನ ಎದುರಿಗೆ ಹೋದರು.

'ಕೈ ಒಡ್ಡು.'

'ಯಾಕ ಮಾವಾ?'

'ಒಡ್ಡು ಅಂದೆ.'

ಸಂಬಂಧದಲ್ಲಿ ಹಿರಿಯರು ಕೇಳಿದರೆ ಕೈ ತಾನಾಗಿ ಮುಂದೆ ಬರುತ್ತದೆ. ಅವನದೂ ಬಂತು. ಮಾವ ಸೊಂಟದ ಚೀಲ ಬಿಚ್ಚಿ ಒಂದು ಚಿಟಿಕೆ ಭಂಡಾರವನ್ನು ಅವನ ಅಂಗೈಯಲ್ಲಿ ಇಟ್ಟರು. ಪಡಸಾಲೆಯ ಮಂದಿಯೆಲ್ಲ ತಿರುಗಿ ನೋಡುತ್ತಿದ್ದರು. 'ನಿಂದು ನಿನಗ ಬಂತು. ನನ್ನ ಕೈ ಖಾಲಿ. ಇನ್ನ ನಾ ಮಾತಾಡಾಂವ.'

ಪ್ರಸಾದ ಆ ಕೈಯನ್ನು ಏನು ಮಾಡಬೇಕೋ ತಿಳಿಯದೆ ನಿಂತ. ಭಂಡಾರ ನೆಲಕ್ಕೆ ಚೆಲ್ಲುವ ಹಾಗಿಲ್ಲ, ಹಣೆಗೆ ಹಚ್ಚಿಕೊಳ್ಳುವ ಮುಖ ಇಲ್ಲ. ಮುಷ್ಟಿ ಕಟ್ಟಿಕೊಂಡೇ ಒಳಗೆ ಬಂದು ಕುಳಿತ.

ಕಟಕಟೆಯಲ್ಲಿ ಮಾವ ಎಲ್ಲ ಹೇಳಿದರು. ಕುರಿ ದಾಟಿದ್ದು, ಟೆಂಪೋ ಹೊರಳಿದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು. ಬೂಟಿನ ವಕೀಲರು ಹುಮ್ಮಸ್ಸಿನಲ್ಲಿ ಎದ್ದರು.

'ಅಂದ್ರ ತಪ್ಪು ನಿಮ್ಮ ಕುರಿದು. ಟೆಂಪೋದಾಂವ ಪಾಪ ಕುರಿ ಉಳಸಾಕ ಹೋದ.'

'ಕುರಿ ಕಂಡಿದ್ದವೋ ಇಲ್ಲೋ ಅವಂಗ?'

'ಪ್ರಶ್ನಾ ನಾವು ಕೇಳ್ತೀವಿ.'

'ಕೇಳ್ರಿ. ಅಂವ ದೂರದಿಂದ ಹಾರ್ನ್ ಹೊಡಕೋತನ ಬಂದ. ಹಾರ್ನ್ ಹೊಡದಾಂವ ಕಂಡಿರ್ತಾನ. ಕಂಡಾಂವ ನಿಲ್ಲಬೇಕಿತ್ರಿ. ಐವತ್ತ ವರ್ಷ ಕುರಿ ಹಿಂದ ನಡದೀನಿ ಸಾಹೇಬ್ರ, ಹಾರ್ನಿಗೆ ಕುರಿ ಹಾರೂದಿಲ್ಲ. ನಿಂತಾಂವಗ ಮಾತ್ರ ದಾರಿ ಬಿಡ್ತಾವ.'

ನ್ಯಾಯಾಧೀಶರು ಕೈ ಎತ್ತಿ ನಿಲ್ಲಿಸಿ, ಅದನ್ನು ಪೂರ್ತಿ ಬರೆಸಿಕೊಂಡರು.

ವಕೀಲರು ಕೊನೆಯ ಬಾಣ ಬಿಟ್ಟರು. 'ಅವತ್ತ ಡಾಕ್ಟರ್ ಮುಂದ ಸುಳ್ಳ ಹೇಳಿದಾವ್ರು ನೀವು. ಇವತ್ತ ಖರೇ ಹೇಳಾಕತ್ತೀರಿ ಅಂತ ಯಾಕ ನಂಬಬೇಕು?'

ಮಾವ ಹೆಗಲ ಕಂಬಳಿಯನ್ನು ಕಾಲ ತನಕ ಎಳೆದುಕೊಂಡರು.

'ಅವತ್ತ ನಾಕು ಮಂದ್ಯಾಗ ದೊಡ್ಡಾಂವ ಆಗಿ ಉಳೀಬೇಕಂತ ಸುಳ್ಳ ಹೇಳಿದೆ. ಇವತ್ತ ನಿಮ್ಮೆಲ್ಲರ ಮುಂದ ಸಣ್ಣಾಂವ ಆಗಾಕ ಬಂದ ನಿಂತೀನಿ. ಸಣ್ಣಾಂವ ಆಗಾಕ ಯಾರರ ಸುಳ್ಳ ಹೇಳ್ತಾರೇನ್ರಿ?'

ಯಾರೂ ನಗಲಿಲ್ಲ. ವಕೀಲರು ಮುಗಿಯಿತು ಎಂದು ಕುಳಿತರು. ನನ್ನ ಕಣ್ಣು ತುಂಬಿ ಕಟಕಟೆಯೇ ಕಾಣಲಿಲ್ಲ. ಹೊರಗೆ ಬಂದು ಮಾವನಿಗೆ ಸೋಡಾ ಕುಡಿಸಿದೆ. 'ಕಾಲು ನಡಗಾಕತ್ತಿದ್ವು, ಕಂಬಳ್ಯಾಗ ಕಾಣಲಿಲ್ಲ' ಎಂದರು. ಅದಕ್ಕೇ ತಂದಿದ್ದರೋ ಏನೋ.

೧೨ ಜೂನ್, ಗುರುವಾರ

ಇವತ್ತು ಏನೂ ಆಗಲಿಲ್ಲ, ಮುಂದಿನ ತಾರೀಖು ಕೊಟ್ಟರು. ಕಾಯುತ್ತಿದ್ದಾಗ ಸಿದ್ದಕ್ಕ ಎಂಬ ಹೆಂಗಸು ಪಕ್ಕದಲ್ಲಿ ಅಳುತ್ತ ಕುಳಿತಿದ್ದಳು. ಗಂಡನಿಗೆ ಬೈಕು ಹೊಡೆದು ನಾಲ್ಕು ತಿಂಗಳಾಗಿದೆ. ದವಾಖಾನೆಯ ಕಾಗದ ಹೊಡೆದವನ ಕೈಯಲ್ಲೇ ಕೊಟ್ಟು ಬಂದಿದ್ದಾಳೆ, ಪುಣ್ಯಾತ್ಗಿತ್ತಿ! ಪ್ರತಿ ಎಲ್ಲಿ ಕೇಳಬೇಕು, ಆರು ತಿಂಗಳು ಯಾವತ್ತಿಗೆ ತುಂಬುತ್ತದೆ, ವಿಮಾ ಕಾಗದ ಎಲ್ಲಿ ನೋಡಬೇಕು ಎಂದು ಬರೆದು ಕೊಟ್ಟೆ. ಅವಳ ಹಿಂದೆ ಇನ್ನಿಬ್ಬರು ಬಂದು ನಿಂತರು. ಅವರಿಗೂ ಬರೆದು ಕೊಟ್ಟೆ. ಪೆನ್ನಿನ ಮಸಿಯೇ ಮುಗಿಯಿತು.

ಊಟಕ್ಕೆ ಹೊತ್ತಾಯಿತು ಎಂದು ಎದ್ದರೆ ಪೇದೆಯೊಬ್ಬ ಯಾರೋ ವಯಸ್ಸಾದವರನ್ನು ಕರೆತಂದು, 'ಈ ಅಕ್ಕಾರನ್ನ ಕೇಳ್ರಿ' ಎನ್ನುತ್ತಾನೆ. ನಾನೇನು ಇಲ್ಲಿ ನೋಟಿಸ್ ಬೋರ್ಡೇ? ಎಲ್ಲರೂ ನನ್ನನ್ನೇ ಯಾಕೆ ಕೇಳುತ್ತಾರೋ ತಿಳಿಯದು.

೯ ಸೆಪ್ಟೆಂಬರ್, ಮಂಗಳವಾರ

ಗೆದ್ದೆವು.

ಬೀರೇಶ ಕೆಲಸದ ಮೇಲೆ ಇದ್ದ, ಮಾವ ಮತ್ತು ನಾನು ಇಬ್ಬರೇ ಹೋಗಿದ್ದೆವು. ನ್ಯಾಯಾಧೀಶರು ಓದಿದ್ದು ಮೂರೇ ನಿಮಿಷ. ಗಂಗಾದೇವಿಯವರು ನನ್ನ ಎಡಗೈ ಹಿಡಿದು ಒತ್ತಿದಾಗಲೇ ತಿಳಿಯಿತು. ತಪ್ಪು ಪೂರ್ತಿ ಟೆಂಪೋದ್ದು. ವಿಮಾ ಕಂಪನಿ ಬಡ್ಡಿ ಸಮೇತ ಕೊಡಬೇಕು. ಡಾಕ್ಟರು ಕೈಗೆ ನೂರಕ್ಕೆ ಮೂವತ್ತೈದು ಭಾಗ ಊನ ಎಂದಿದ್ದರೂ, ಕಾಯಿಲ್ ಸುತ್ತುವವಳಿಗೆ ಬೆರಳು ಹೋದರೆ ಆ ಕಸುಬೇ ಹೋದಂತೆ ಎಂದು ನ್ಯಾಯಾಧೀಶರು ಹೆಚ್ಚಿಗೆ ಹಿಡಿದಿದ್ದಾರೆ. ಶಶಿಧರ ಬಂದು ಹೇಳಿದ್ದು ಕೆಲಸಕ್ಕೆ ಬಂತು. ಅಂಕಿ ನಾನು ಬರೆಯುವುದಿಲ್ಲ. ಫೋನಿನಲ್ಲಿ ಕೇಳಿ ಬೀರೇಶ ಮೂರು ಕಡೆ ಬರೆದಿಟ್ಟುಕೊಂಡಿದ್ದಾನೆ.

ಮಾವನಿಗೆ ಅಂಕಿ ಬೇಕಿರಲಿಲ್ಲ. 'ಬಚ್ಚಲದ್ದು ಏನ ಬರದಾರ?' ಎಂದು ಮೂರು ಸಲ ಕೇಳಿದರು. ಗಂಗಾದೇವಿಯವರು ತೀರ್ಪಿನ ಪ್ರತಿಯಲ್ಲಿ ಆ ಜಾಗ ಹುಡುಕಿ ನನಗೆ ತೋರಿಸಿದರು. ಇಂಗ್ಲಿಷ್ ಇತ್ತು, ನಿಧಾನವಾಗಿ ಓದಿ ಕನ್ನಡದಲ್ಲಿ ಹೇಳಿದೆ. ಅರ್ಜಿದಾರಳು ಬಚ್ಚಲಲ್ಲಿ ಬಿದ್ದಿಲ್ಲ. ದವಾಖಾನೆಯಲ್ಲಿ ಹಾಗೆ ಹೇಳಿದ ಸಾಕ್ಷಿದಾರ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಿದ್ದಾನೆ. ಅವನ ಮಾತನ್ನು ನಂಬದಿರಲು ಕಾರಣವಿಲ್ಲ.

'ಇನ್ನೊಮ್ಮಿ ಓದು' ಎಂದರು. ಓದಿದೆ.

ಸಂಜೆಯ ಖಾನಾಪುರ ಬಸ್ಸು ತುಂಬಿತ್ತು. ನಮಗೆ ನಡುವೆ ಸೀಟು ಸಿಕ್ಕಿತು. ಮಚ್ಛೆ ದಾಟಿದ ಮೇಲೆ ಮಾವ ಬಾಜುವಿನ ಮನುಷ್ಯನಿಗೆ ಏನೋ ಹೇಳಿದರು. ಅವನಿಗೆ ಕೇಳಿಸಲಿಲ್ಲ, 'ಕಾಯ ಝಾಲಂ?' ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳಿದ. ಮಾವ ಎದ್ದು ನಿಂತರು. ಕಂಬಿ ಹಿಡಿದು, ಗುಡ್ಡದ ಆಚೆಯ ಕುರಿ ಕರೆಯುವ ದನಿಯಲ್ಲಿ ಶುರು ಮಾಡಿದರು.

'ಎಲ್ಲಾರೂ ಕೇಳ್ರಿ. ಈಕಿ ನನ್ನ ಸೊಸಿ ಪ್ರಮಿಳಾ. ಈಕಿ ಬಚ್ಚಲದಾಗ ಬಿದ್ದಾಳ ಅಂತ ನಾ ಸುಳ್ಳ ಬರಿಸಿದ್ದೆ. ಈಕಿ ಬಿದ್ದಿಲ್ಲ! ಟೆಂಪೋ ಹೊಡದೈತಿ. ಕೋರ್ಟ್ ಹೇಳೈತಿ.'

ಮರಾಠಿಯವರಿಗೂ ತಿಳಿಯಲಿ ಎಂದು ಮತ್ತೆ ಕೂಗಿದರು: 'ಹೀ ಪಡಲೀ ನಾಹೀ! ಟೆಂಪೋನಂ ಮಾರಲಂ!'

ಬಸ್ಸೆಲ್ಲ ನನ್ನ ಕಡೆ ತಿರುಗಿತು. ಮುಂದಿನ ಸೀಟಿನ ಹೆಂಗಸು, 'ಎಷ್ಟ ಬಂತಂತ?' ಎಂದು ಕೇಳಿದಳು.

'ಅದನ್ನ ಆಕೀನ್ನ ಕೇಳವಾ. ನಾ ಹೇಳಾಕತ್ತದ್ದು ಬ್ಯಾರೆ' ಎಂದು ಮಾವ ಮತ್ತೆ ಮೊದಲಿನಿಂದ ಶುರು ಮಾಡಿದರು.

ಕಂಡಕ್ಟರು ಮಂದಿಯ ನಡುವೆ ನುಗ್ಗಿ ಬಂದ. 'ಅಜ್ಜಾರ, ಅಕ್ಕಾರು ಬಿದ್ದಿಲ್ಲ ಅನ್ನೂದು ತಿಳೀತು. ಈಗ ನೀವು ಬೀಳಬ್ಯಾಡ್ರಿ, ಕುಂದರ್ರಿ.'

ಎಲ್ಲರೂ ನಕ್ಕರು. ಮಾವನೂ ನಕ್ಕರು, ಕುಳಿತುಕೊಳ್ಳಲಿಲ್ಲ. ಖಾನಾಪುರ ಬರುವ ತನಕ ನಿಂತೇ ಇದ್ದರು. ನಡುವೆ ಪ್ರತಿ ಸ್ಟಾಪಿನಲ್ಲಿ ಹತ್ತಿದವರಿಗೂ ಎರಡೂ ಭಾಷೆಯಲ್ಲಿ ಹೇಳಿದರು. ನಾನು ಒಮ್ಮೆಯೂ ಸಾಕು ಎನ್ನಲಿಲ್ಲ.